ಎತ್ತಲಾರದ ಭಾರ ಸಬರ್ ಅಲ್ಲ



ಇತ್ತೀಚೆಗೆ ಮದುವೆಯೊಂದಕ್ಕೆಂದು ದಾವಣಗೆರೆಗೆ ಹೋದಾಗ ದೇವರಾಜ ಅರಸು ಬಡಾವಣೆಯಲ್ಲಿರುವ ಖಾಲಾರ ಮನೆಯಲ್ಲಿ ಎರಡು ದಿನ ಉಳಿದಿದ್ದೆ. ಅಸರ್ ಅಝಾನ್ ಆಯಿತು. ಖಾಲಾ ವುಝೂ ಮಾಡಿ ಬಂದರು. ಮೂಲೆಯಲ್ಲಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ಮುಸಲ್ಲಾದ ಮೇಲೆ ಎಳೆದುಕೊಂಡು ಅದರಲ್ಲಿ ಕುಳಿತೇ ನಮಾಝ್ ಮಾಡಿದರು. ಅವರಿಗೆ ಇನ್ನೂ ಐವತ್ತೆರಡು ತುಂಬಿಲ್ಲ. ನನಗೆ ಮನಸ್ಸು ಚುರ್ ಎಂದಿತು.

"ಎಂದಿನಿಂದ ಹೀಗೆ ಖಾಲಾ?" ಎಂದು ಕೇಳಿದೆ.

"ಮೂರು ವರ್ಷ ಆಯ್ತು ಬೇಟಿ. ಸಜ್ದಾಕ್ಕೆ ಬಗ್ಗಿದರೆ ಮತ್ತೆ ಏಳೋಕಾಗಲ್ಲ. ಭಟ್ಟಿಯ ಪ್ರಸಾದ ಇದು" ಎಂದು ನಕ್ಕರು.

ಖಾಲಾ ಹದಿನೆಂಟು ವರ್ಷ ಮಂಡಕ್ಕಿ ಭಟ್ಟಿಯಲ್ಲಿ ದುಡಿದವರು. ಖಾಲು ತೀರಿಕೊಂಡ ಮೇಲೆ ಮೂವರು ಮಕ್ಕಳನ್ನು ಆ ದುಡಿಮೆಯಲ್ಲೇ ಸಾಕಿದರು. ಮಂಡಕ್ಕಿ ಎಂದರೆ ಊದಿದರೆ ಹಾರುವ ವಸ್ತು, ಅದರ ಕೆಲಸದಲ್ಲಿ ಬೆನ್ನು ಮುರಿಯುವಂಥದ್ದು ಏನಿದೆ ಎಂದು ನಾನೂ ಅಂದುಕೊಂಡಿದ್ದೆ. ಅದನ್ನು ಹೇಳಿದಾಗ ಅವರು, "ಎಲ್ಲರೂ ಹಂಗೇ ಅಂತಾರೆ. ಮಂಡಕ್ಕಿ ಹಗುರ, ಹೌದು. ಭತ್ತ ಹಗುರ ಅಲ್ವಲ್ಲ?" ಎಂದರು.

ರಾತ್ರಿ ಎಲ್ಲರೂ ಮಲಗಿದ ಮೇಲೆ ಇನ್ನೊಂದು ಮಾತನ್ನು ಪಿಸುಗುಟ್ಟಿದರು. ಅವರ ಗರ್ಭಕೋಶ ಕೆಳಗೆ ಜಾರಿದೆ. ಕೆಮ್ಮಿದರೆ ಬಟ್ಟೆ ಒದ್ದೆಯಾಗುತ್ತದೆ. ಏಳೆಂಟು ವರ್ಷ ಯಾರಿಗೂ ಹೇಳಿರಲಿಲ್ಲ. "ಯಾರ ಹತ್ರ ಹೇಳೋದು? ನಾಚಿಕೆ. ಸಬರ್ ಮಾಡಿದೆ."

ಈ ತಿಂಗಳ ಅಂಕಣವನ್ನು ಆ ಒಂದು ಮಾತಿಗಾಗಿಯೇ ಬರೆಯುತ್ತಿದ್ದೇನೆ. ಸಬರ್ ದೊಡ್ಡ ಗುಣ. ಆದರೆ ಕಡಿಮೆ ಮಾಡಬಹುದಾದ ಭಾರವನ್ನು ಕಡಿಮೆ ಮಾಡಿಕೊಳ್ಳದೆ, ಬಾಯಿ ಮುಚ್ಚಿಕೊಂಡು ದೇಹವನ್ನು ಸವೆಸುವುದು ಸಬರ್ ಆಗುತ್ತದೆಯೇ?

ಒಂದೇ ಭತ್ತ, ಐದಾರು ಸಲ ಎತ್ತುವುದು

ದಾವಣಗೆರೆಯ ಮಂಡಕ್ಕಿ-ಮೆಣಸಿನಕಾಯಿ ತಿನ್ನದವರು ಯಾರಿದ್ದಾರೆ? ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಊರು ಅದು. ಗಿರಣಿಗಳ ಸದ್ದು ಅಡಗಿದ ಮೇಲೂ ಭಟ್ಟಿಗಳು ಉರಿಯುತ್ತಿವೆ. ಅವನ್ನು ನಂಬಿದ ನೂರಾರು ಮುಸ್ಲಿಂ ಕುಟುಂಬಗಳಿವೆ.

ಮಂಡಕ್ಕಿ ಸುಲಭಕ್ಕೆ ಆಗುವುದಿಲ್ಲ. ಭತ್ತವನ್ನು ತೊಟ್ಟಿಯಲ್ಲಿ ನೆನೆಸಬೇಕು. ಶಾಖ ಕೊಟ್ಟು ಹದ ಮಾಡಬೇಕು. ಬಿಸಿಲಿಗೆ ಹರಡಿ ಒಣಗಿಸಬೇಕು. ಗಿರಣಿಯಲ್ಲಿ ಹೊಟ್ಟು ಬಿಡಿಸಬೇಕು. ಆ ಅಕ್ಕಿಗೆ ಉಪ್ಪುನೀರು ಬೆರೆಸಿ ಕಾದ ಮರಳಿನಲ್ಲಿ ಹುರಿಯಬೇಕು. ಪ್ರತಿ ಹಂತದಲ್ಲೂ ಯಾರೋ ಒಬ್ಬರು ಬಗ್ಗಿ ತುಂಬಬೇಕು, ಎತ್ತಬೇಕು, ಹೊರಬೇಕು, ಸುರಿಯಬೇಕು. ನೆನೆದ ಭತ್ತ ನೀರು ಕುಡಿದು ಮತ್ತಷ್ಟು ತೂಗುತ್ತದೆ. ಕೊನೆಗೆ ಮಂಡಕ್ಕಿ ಚೀಲ ಹಗುರವಾಗಿ ಲಾರಿ ಏರುವ ಹೊತ್ತಿಗೆ ಅದೇ ಧಾನ್ಯ ಐದಾರು ಸಲ ಹೆಂಗಸರ ಸೊಂಟದ ಮೇಲಿಂದ ಹಾದು ಹೋಗಿರುತ್ತದೆ.

ಖಾಲಾ ಜೊತೆ ಕುಳಿತು ಲೆಕ್ಕ ಹಾಕಿದೆ. ಒಂದು ಬುಟ್ಟಿ ಹಸಿ ಭತ್ತ ಸುಮಾರು 30 ಕಿಲೋ ಎಂದಿಟ್ಟುಕೊಳ್ಳಿ. ದಿನಕ್ಕೆ ನಲವತ್ತು ಬುಟ್ಟಿ ಹೊತ್ತರೆ 1,200 ಕಿಲೋ. ಎಂದರೆ ಒಂದು ಟನ್ನಿಗೂ ಹೆಚ್ಚು. "ಯಾ ಅಲ್ಲಾಹ್, ಅಷ್ಟೊಂದಾ?" ಎಂದು ಖಾಲಾರೇ ಬೆರಗಾದರು. ಹೊರುವವರು ಒಂದೊಂದು ಬುಟ್ಟಿಯನ್ನಷ್ಟೇ ನೋಡುತ್ತಾರೆ. ಬೆನ್ನು ಮಾತ್ರ ಎಲ್ಲವನ್ನೂ ಕೂಡಿಸಿ ಇಟ್ಟುಕೊಳ್ಳುತ್ತದೆ.

ಭಟ್ಟಿಗೆ ಹೋಗದವರು ಇದು ನಮ್ಮ ಮಾತಲ್ಲ ಎಂದುಕೊಳ್ಳಬೇಡಿ. ನಮ್ಮ ಅಡುಗೆಮನೆಯೂ ದುಡಿಯುವ ಸ್ಥಳವೇ. 14.2 ಕಿಲೋ ಅನಿಲ ತುಂಬಿದ ಸಿಲಿಂಡರು ಅದರ ಕಬ್ಬಿಣದ ತೂಕವೂ ಸೇರಿ ಸುಮಾರು 30 ಕಿಲೋ ಆಗುತ್ತದೆ. ಇಪ್ಪತ್ತು ಲೀಟರಿನ ನೀರಿನ ಕ್ಯಾನು ಇಪ್ಪತ್ತು ಕಿಲೋ. ಅಕ್ಕಿ ಚೀಲ 25 ಕಿಲೋ. ಒದ್ದೆ ಬಟ್ಟೆಯ ಬಕೆಟ್, ಸೊಂಟದ ಮೇಲಿನ ಮಗು, ದಾವತ್ತಿನ ಬಿರಿಯಾನಿ ದೇಗ್, ಮನೆಯಲ್ಲೇ ಹೊಲಿಯುವವರಿಗೆ ಬಟ್ಟೆಯ ಗಂಟು, ಇವೆಲ್ಲವೂ ಭಾರವೇ.

ಬೆನ್ನಿಗೆ ಏನಾಗುತ್ತದೆ?

ತಕ್ಕಡಿಯನ್ನು ನೆನಪಿಸಿಕೊಳ್ಳಿ. ನಾವು ಬಗ್ಗಿ ಏನನ್ನಾದರೂ ಎತ್ತುವಾಗ ಸೊಂಟದ ಮೂಳೆಯೇ ತಕ್ಕಡಿಯ ನಡುಗಂಬ. ಮುಂದೆ ಚಾಚಿದ ಕೈಯಲ್ಲಿ ಭಾರ, ಹಿಂದೆ ಬೆನ್ನಿನ ಸ್ನಾಯು. ಸ್ನಾಯು ನಡುಗಂಬದಿಂದ ಸುಮಾರು 5 ಸೆಂಟಿಮೀಟರ್ ದೂರದಲ್ಲಷ್ಟೇ ಇದೆ. ಭಾರವನ್ನು 40 ಸೆಂಟಿಮೀಟರ್ ಮುಂದೆ ಹಿಡಿದರೆ ಸ್ನಾಯು ಅದರ ಎಂಟು ಪಟ್ಟು ಬಲದಿಂದ ಎಳೆಯಬೇಕು. 20 ಕಿಲೋ ಎತ್ತಿದರೆ ಬೆನ್ನಿಗೆ 160 ಕಿಲೋದಷ್ಟು ಎಳೆತ. ಬಗ್ಗಿದ ನಮ್ಮ ಮೈಯ ಭಾರ ಇದಕ್ಕೆ ಬೇರೆ ಸೇರುತ್ತದೆ. ಅದೇ 20 ಕಿಲೋವನ್ನು ಹೊಟ್ಟೆಗೆ ಒತ್ತಿ ಹಿಡಿದು ದೂರವನ್ನು ಅರ್ಧಕ್ಕೆ ಇಳಿಸಿದರೆ ಎಳೆತವೂ ಅರ್ಧ. ಭಾರ ಎತ್ತುವ ವಿದ್ಯೆಯಲ್ಲಿ ಮುಕ್ಕಾಲು ಪಾಲು ಇಷ್ಟೇ.

ಬೆನ್ನುಮೂಳೆಗಳ ನಡುವೆ ಮೆತ್ತನೆಯ ಬಿಲ್ಲೆಗಳಿವೆ. ಬಗ್ಗಿ, ತಿರುಚಿ, ಎತ್ತಿದಾಗ ಅವು ಒಂದು ಕಡೆ ನಲುಗುತ್ತವೆ. ವರ್ಷಗಟ್ಟಲೆ ಹೀಗಾದರೆ ಸವೆದು ಉಬ್ಬಿ ಪಕ್ಕದ ನರವನ್ನು ಒತ್ತುತ್ತವೆ. ನೋವು ಕಾಲಿಗೆ ಇಳಿಯುವುದು ಆಗಲೇ. ರಾತ್ರಿಯ ನಿದ್ರೆಯಲ್ಲಿ ಈ ಬಿಲ್ಲೆಗಳು ನೀರು ಹೀರಿ ಊದಿಕೊಂಡಿರುತ್ತವೆ. ಆದ್ದರಿಂದ ಫಜರ್‌ಗೆ ಎದ್ದ ಮೊದಲ ಒಂದು ಗಂಟೆ ಭಾರವಾದದ್ದನ್ನು ಬಗ್ಗಿ ಎತ್ತದಿರುವುದು ಒಳ್ಳೆಯದು.

ಭಾರ ಎತ್ತುವಾಗ ಉಸಿರು ಬಿಗಿಹಿಡಿದರೆ ಹೊಟ್ಟೆಯ ಒತ್ತಡ ಕೆಳಕ್ಕೆ ಬೀಳುತ್ತದೆ. ಹೆರಿಗೆಯಿಂದ ಸಡಿಲವಾದ ಸ್ನಾಯುಗಳ ಮೇಲೆ ಈ ಒತ್ತಡ ದಿನವೂ ಬಿದ್ದರೆ ಗರ್ಭಕೋಶ ಜಾರುವ ಸಂಭವ ಹೆಚ್ಚು. ಇದು ನಾಚಿಕೆಯ ವಿಷಯವಲ್ಲ, ರೋಗ. ಆರಂಭದಲ್ಲೇ ಸ್ತ್ರೀರೋಗ ವೈದ್ಯರಿಗೆ ತೋರಿಸಿದರೆ ಅನೇಕರಿಗೆ ಸರಳ ವ್ಯಾಯಾಮದಿಂದಲೇ ಸುಧಾರಣೆ ಕಾಣುತ್ತದೆ. ಖಾಲಾರಂತೆ ಬಿಟ್ಟುಕೊಂಡರೆ ಶಸ್ತ್ರಚಿಕಿತ್ಸೆಯವರೆಗೆ ಹೋಗುತ್ತದೆ.

ಎಷ್ಟು ಭಾರ ಅತಿ ಭಾರ?

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 1967ರಲ್ಲೇ ಈ ಬಗ್ಗೆ ಒಂದು ಒಪ್ಪಂದ ಮತ್ತು ಒಂದು ಶಿಫಾರಸನ್ನು ಅಂಗೀಕರಿಸಿತು. ವಯಸ್ಕ ಗಂಡಸಿಗೂ 55 ಕಿಲೋಗಿಂತ ಹೆಚ್ಚು ಹೊರಿಸಬಾರದು, ಹೆಂಗಸರ ಹೊರೆ ಅದಕ್ಕಿಂತ ಸಾಕಷ್ಟು ಕಡಿಮೆ ಇರಬೇಕು ಎಂಬುದು ಅದರ ಸಾರ. ಆರೋಗ್ಯಕ್ಕೆ ಹಾನಿ ಎಂದು ವೈದ್ಯರು ಹೇಳಿದರೆ ಗರ್ಭಿಣಿಯರಿಗೂ, ಹೆರಿಗೆಯಾದ ಹತ್ತು ವಾರಗಳವರೆಗೆ ಬಾಣಂತಿಯರಿಗೂ ಹೊರುವ ಕೆಲಸ ಕೊಡಬಾರದು ಎಂದೂ ಅದರಲ್ಲಿದೆ. ಅಮೆರಿಕದ ತಜ್ಞರು ಎಲ್ಲ ಅನುಕೂಲವಿದ್ದಾಗಲೂ 23 ಕಿಲೋ ಮಿತಿ ಎನ್ನುತ್ತಾರೆ. ಬ್ರಿಟನ್ನಿನ ಮಾರ್ಗಸೂಚಿಯಂತೆ ಸೊಂಟದ ಎತ್ತರದಲ್ಲಿ, ಮೈಗೆ ಹತ್ತಿರ ಹಿಡಿದು ಎತ್ತುವಾಗ ಹೆಂಗಸರಿಗೆ 16 ಕಿಲೋ, ಗಂಡಸರಿಗೆ 25 ಕಿಲೋ. ನೆಲದಿಂದ ಅಥವಾ ತಲೆಗಿಂತ ಮೇಲೆ ಎತ್ತುವುದಾದರೆ ಇನ್ನೂ ಕಡಿಮೆ.

ನಮ್ಮಲ್ಲಿ ಸಿಮೆಂಟ್ ಚೀಲವೇ 50 ಕಿಲೋ. ಮಂಡಿಯಲ್ಲಿ ಹಮಾಲಿ ಮಾಡುವ ನಿಮ್ಮ ಗಂಡ, ಅಣ್ಣಂದಿರನ್ನು ಕೇಳಿ ನೋಡಿ. ಅದಕ್ಕಿಂತ ಭಾರದ ಭತ್ತದ ಚೀಲಗಳ ಕಥೆ ಹೇಳುತ್ತಾರೆ.

ಎತ್ತುವ ಕ್ರಮ

ಮೊದಲು ಚೀಲದ ಒಂದು ಮೂಲೆಯನ್ನು ವಾಲಿಸಿ ತೂಕ ಅಂದಾಜು ಮಾಡಿ. ಹೆಚ್ಚೆನಿಸಿದರೆ ಬಿಚ್ಚಿ ಎರಡು ಮಾಡಿ. ಎರಡು ಸಲ ನಡೆಯುವುದು ಸೋಮಾರಿತನವಲ್ಲ. ಹೋಗುವ ದಾರಿಯಲ್ಲಿ ನೀರು, ಹಗ್ಗ, ಚಪ್ಪಲಿ ಬಿದ್ದಿದ್ದರೆ ಮೊದಲೇ ತೆಗೆಯಿರಿ. ದುಪಟ್ಟಾದ ತುದಿ, ಬುರ್ಖಾದ ಅಂಚು ಕಾಲಿಗೆ ಸಿಗದಂತೆ ಸಿಕ್ಕಿಸಿಕೊಳ್ಳಿ. ಗಿರಣಿಯ ಬೆಲ್ಟು ತಿರುಗುವ ಕಡೆ ಸಡಿಲ ಬಟ್ಟೆ, ಬಿಚ್ಚಿದ ಜಡೆ ಜೀವಕ್ಕೇ ಅಪಾಯ.

ಕಾಲುಗಳನ್ನು ಸ್ವಲ್ಪ ಅಗಲಿಸಿ ಭಾರದ ತೀರಾ ಹತ್ತಿರ ನಿಲ್ಲಿ. ಸೊಂಟ ಬಗ್ಗಿಸದೆ ಮಂಡಿ ಮಡಚಿ ಕೆಳಗಿಳಿಯಿರಿ. ಭಾರವನ್ನು ಹೊಟ್ಟೆಗೆ ಒತ್ತಿಕೊಂಡು, ಉಸಿರು ಬಿಡುತ್ತ, ತೊಡೆಯ ಬಲದಿಂದ ಏಳಿ. ತಿರುಗಬೇಕಾದರೆ ಪಾದವನ್ನೇ ತಿರುಗಿಸಿ, ಸೊಂಟ ತಿರುಚಬೇಡಿ. ಇಳಿಸುವಾಗಲೂ ಇದೇ ಕ್ರಮ.

ಇಬ್ಬರು ಎತ್ತುವುದಾದರೆ ಒಬ್ಬರು ಎಣಿಸಲಿ, ಇಬ್ಬರೂ ಒಟ್ಟಿಗೆ ಏಳಿ. ತಲೆಯ ಮೇಲೆ ಹೊರುವುದಾದರೆ ಸಿಂಬಿ ಇರಲಿ. ಏರಿಸಲು, ಇಳಿಸಲು ಇನ್ನೊಬ್ಬರ ಕೈ ಬೇಕೇ ಬೇಕು. ತುಂಬಿದ ಮಂಡಕ್ಕಿ ಚೀಲ ಹಗುರವಾದರೂ ಗಾತ್ರದಿಂದ ಎದುರಿನ ದಾರಿಯನ್ನೇ ಮರೆಮಾಡುತ್ತದೆ. ಅದನ್ನು ಹೊತ್ತು ಮೆಟ್ಟಿಲು ಇಳಿಯುವಾಗ ಜೋಕೆ.

ಎಲ್ಲಕ್ಕಿಂತ ಉತ್ತಮ ಉಪಾಯ ನೆಲದಿಂದ ಎತ್ತುವುದನ್ನೇ ತಪ್ಪಿಸುವುದು. ಸೊಂಟದ ಎತ್ತರಕ್ಕೆ ಒಂದು ಕಟ್ಟೆ ಕಟ್ಟಿಸಿದರೆ ಚೀಲವನ್ನು ಅಲ್ಲಿಂದ ಎಳೆದುಕೊಳ್ಳಬಹುದು. ಎರಡು ಗಾಲಿಯ ಕೈಗಾಡಿ ಹತ್ತಾರು ಸೊಂಟಗಳನ್ನು ಉಳಿಸುತ್ತದೆ. ಗಾಡಿಯನ್ನು ಎಳೆಯುವುದಕ್ಕಿಂತ ತಳ್ಳುವುದು ಸುಲಭ. ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡ ಧೈರ್ಯದಲ್ಲಿ ಹೆಚ್ಚು ಭಾರ ಎತ್ತಲು ಹೋಗಬೇಡಿ. ಪಟ್ಟಿಯಿಂದ ಗಾಯ ತಪ್ಪುತ್ತದೆ ಎಂಬುದು ಸಾಬೀತಾಗಿಲ್ಲ.

ಸಾಮಾನ್ಯ ಬೆನ್ನುನೋವಿಗೆ ವಾರಗಟ್ಟಲೆ ಮಲಗಬೇಕಿಲ್ಲ. ಭಾರ ಬಿಟ್ಟು ಮೆಲ್ಲಗೆ ಓಡಾಡಿಕೊಂಡಿರುವುದೇ ಒಳ್ಳೆಯದು. ಆದರೆ ಕಾಲು ಜೋಮು ಹಿಡಿದು ಬಲ ಕಡಿಮೆಯಾದರೆ, ತೊಡೆಗಳ ನಡುವೆ ಸ್ಪರ್ಶ ತಿಳಿಯದಿದ್ದರೆ, ಮೂತ್ರ ಕಟ್ಟಿಕೊಂಡರೆ ಅಥವಾ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ತಡವಾದರೆ ಕಾಲಿನ ಶಕ್ತಿಯೇ ಶಾಶ್ವತವಾಗಿ ಹೋಗಬಹುದು.

ಇಡುವ ಕ್ರಮ

ಎತ್ತುವುದರಷ್ಟೇ ಮುಖ್ಯ ಜೋಡಿಸಿ ಇಡುವುದು. ಚೀಲಗಳ ರಾಶಿ ಕುಸಿದು ಕೆಳಗಿದ್ದವರು ಸಿಕ್ಕಿಕೊಳ್ಳುವ ದುರಂತ ಗೋದಾಮುಗಳಿಗೆ ಹೊಸದಲ್ಲ. ಒಂದರ ಮೇಲೊಂದು ನೇರವಾಗಿ ಇಟ್ಟ ಚೀಲಗಳು ಜಾರುತ್ತವೆ. ಗೋಡೆಯ ಇಟ್ಟಿಗೆಯಂತೆ ಒಂದು ಸಾಲು ಉದ್ದಕ್ಕೆ, ಮೇಲಿನ ಸಾಲು ಅಡ್ಡಕ್ಕೆ ಜೋಡಿಸಬೇಕು. ಕೆಳಗೆ ಮರದ ಹಲಗೆ ಇರಲಿ. ಗೋಡೆಯಿಂದ ಜಾಗ ಬಿಡಿ. ತೇವವೂ ತಟ್ಟುವುದಿಲ್ಲ, ಇಲಿಯೂ ಕಾಣುತ್ತದೆ. ತೆಗೆಯುವಾಗ ಮೇಲಿನಿಂದ ಮೆಟ್ಟಿಲಿನಂತೆ ತೆಗೆಯಬೇಕು. ಅವಸರಕ್ಕೆ ಕೆಳಗಿನ ಚೀಲ ಎಳೆಯುವುದೇ ಅಪಘಾತದ ಮೂಲ. ರಾಶಿಯ ನೆರಳಿನಲ್ಲಿ ಊಟಕ್ಕೆ ಕೂರುವುದು, ಮಗುವನ್ನು ಮಲಗಿಸುವುದು ಬೇಡ. ಭತ್ತ ಅಥವಾ ಹೊಟ್ಟಿನ ದೊಡ್ಡ ರಾಶಿಯ ಮೇಲೆ ಮಕ್ಕಳನ್ನು ಆಡಲು ಬಿಡಬೇಡಿ. ಅದು ಮರಳಿನಂತೆ ಒಳಕ್ಕೆ ಎಳೆದು ಉಸಿರು ಕಟ್ಟಿಸುತ್ತದೆ.

ಮನೆಯಲ್ಲಿ ಭಾರದ ಡಬ್ಬಗಳು ಮೊಣಕಾಲಿನಿಂದ ಭುಜದ ನಡುವಿನ ಹಲಗೆಗಳಲ್ಲಿರಲಿ. ಹಗುರದವು ಅಟ್ಟದ ಮೇಲೆ ಹೋಗಲಿ. ಕುರ್ಚಿಯ ಮೇಲೆ ಸ್ಟೂಲು ಇಟ್ಟು ಹತ್ತುವ ಅಭ್ಯಾಸ ಬಿಡಿ. ಸಿಲಿಂಡರನ್ನು ಗಾಳಿಯಾಡುವ ಕಡೆ ನೆಟ್ಟಗೆ ನಿಲ್ಲಿಸಿ. ಆ್ಯಸಿಡ್, ಫಿನಾಯಿಲ್, ಸೀಮೆಎಣ್ಣೆಯನ್ನು ನೀರಿನ ಬಾಟಲಿಗೆ ಎಂದಿಗೂ ತುಂಬಬೇಡಿ. ಬಾಯಾರಿದ ಮಗುವಿಗೆ ಅದರಲ್ಲಿ ಏನಿದೆ ಎಂದು ತಿಳಿಯುವುದಿಲ್ಲ.

ಮತ್ತೊಂದು ಎಚ್ಚರಿಕೆ. ಧಾನ್ಯಕ್ಕೆ ಹುಳು ಬೀಳದಿರಲೆಂದು ಕೆಲವರು ಗೋದಾಮಿನ ಗುಳಿಗೆ ತಂದು ಮನೆಯ ಚೀಲಕ್ಕೆ ಹಾಕುತ್ತಾರೆ. ಅದು ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಗುಲಿದರೆ ಫಾಸ್ಫೀನ್ ಎಂಬ ವಿಷಾನಿಲ ಬರುತ್ತದೆ. ಧಾನ್ಯವಿಟ್ಟ ಕೋಣೆಯಲ್ಲೋ ಪಕ್ಕದ ಕೋಣೆಯಲ್ಲೋ ಮಲಗಿದ ಮಕ್ಕಳು ಬೆಳಗಾಗುವುದರೊಳಗೆ ಪ್ರಾಣ ಬಿಟ್ಟ ಘಟನೆಗಳು ನಮ್ಮ ದೇಶದಲ್ಲಿ ನಡೆದಿವೆ. ಮನೆಗೆ ಆ ಗುಳಿಗೆ ಬೇಡವೇ ಬೇಡ. ಚೆನ್ನಾಗಿ ಒಣಗಿಸಿ, ಮುಚ್ಚಳ ಬಿಗಿಯಾದ ಡಬ್ಬದಲ್ಲಿ ಬೇವಿನೆಲೆಯೊಡನೆ ಇಟ್ಟರೆ ಸಾಕು.

ಕಾನೂನು ಎಲ್ಲಿಯವರೆಗೆ?

1948ರ ಕಾರ್ಖಾನೆ ಕಾಯ್ದೆಯ 34ನೇ ಕಲಮು, ಗಾಯವಾಗುವಷ್ಟು ಭಾರವನ್ನು ಯಾರಿಂದಲೂ ಎತ್ತಿಸಬಾರದು ಎಂದಿತ್ತು. ಆದರೆ ವಿದ್ಯುತ್ ಬಳಸುವ ಕಡೆ ಹತ್ತು ಮಂದಿ, ಬಳಸದ ಕಡೆ ಇಪ್ಪತ್ತು ಮಂದಿ ಕೆಲಸಗಾರರಿದ್ದರೆ ಮಾತ್ರ ಅದು ಕಾರ್ಖಾನೆ. ಹರಿಹರದ ಕಿರ್ಲೋಸ್ಕರ್‌ನಂಥ ದೊಡ್ಡ ಕಾರ್ಖಾನೆ ಇದರೊಳಗೆ ಬರುತ್ತಿತ್ತು. ನಾಲ್ಕೈದು ಮಂದಿ ದುಡಿಯುವ ಸಣ್ಣ ಭಟ್ಟಿ ಹೊರಗೆ ಉಳಿಯುತ್ತಿತ್ತು. 2020ರ ಔದ್ಯೋಗಿಕ ಸುರಕ್ಷತೆಯ ಹೊಸ ಸಂಹಿತೆ 2025ರ ನವೆಂಬರ್‌ನಲ್ಲಿ ಜಾರಿಗೆ ಬಂದು ಹಳೆಯ ಕಾಯ್ದೆಯ ಸ್ಥಾನ ಪಡೆಯಿತು. ಅದರಲ್ಲಿ ಕಾರ್ಖಾನೆ ಎನಿಸಿಕೊಳ್ಳಲು ಬೇಕಾದ ಸಂಖ್ಯೆ ಇಪ್ಪತ್ತು ಮತ್ತು ನಲವತ್ತಕ್ಕೆ ಏರಿದೆ. ಸಣ್ಣ ಭಟ್ಟಿಯ ಹೆಂಗಸು ಹೊರಗೇ ಉಳಿದಳು.

ಹಾಗೆಂದು ಕೈಚೆಲ್ಲಬೇಕಿಲ್ಲ. ಕರ್ನಾಟಕ ರಾಜ್ಯ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಮಂಡಳಿಯ ಯೋಜನೆಯಲ್ಲಿ ಹಮಾಲರು, ಮನೆಕೆಲಸದವರು, ಟೈಲರ್‌ಗಳ ಜೊತೆಗೆ ಭಟ್ಟಿ ಕಾರ್ಮಿಕರೂ ಸೇರಿದ್ದಾರೆ. 2021ರಿಂದ ಕೇಂದ್ರದ ಇ-ಶ್ರಮ್ ನೋಂದಣಿಯೂ ಇದೆ. ಹತ್ತಿರದ ಕಾರ್ಮಿಕ ಇಲಾಖೆಯ ಕಚೇರಿಗೆ ಆಧಾರ್ ಹಿಡಿದು ಹೋಗಿ ವಿಚಾರಿಸಿ. ಖಾಲಾ ಹದಿನೆಂಟು ವರ್ಷ ದುಡಿದರು, ಅವರ ಬಳಿ ಭಟ್ಟಿ ಕಾರ್ಮಿಕಳೆಂದು ತೋರಿಸಲು ಒಂದು ಚೀಟಿಯೂ ಇಲ್ಲ.

ಖಾಲಾ ಇರುವ ಬಡಾವಣೆಗೆ ಯಾರ ಹೆಸರಿದೆಯೋ ಆ ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದ 1970ರ ದಶಕದಲ್ಲೇ ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಲಾಯಿತು. ಅದಕ್ಕೆ ಮುಂದಾದವರು ಸಚಿವ ಬಸವಲಿಂಗಪ್ಪನವರು. ತಲೆತಲಾಂತರದ ಹೊರೆಯೂ ಹಣೆಬರಹವಲ್ಲ, ಮನಸ್ಸು ಮಾಡಿದರೆ ಇಳಿಸಬಹುದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ನಮ್ಮ ದೀನ್ ಏನು ಹೇಳುತ್ತದೆ?

ಅಲ್ಲಾಹನು ಯಾವ ಜೀವದ ಮೇಲೂ ಅದರ ಸಾಮರ್ಥ್ಯಕ್ಕೆ ಮೀರಿದ ಹೊಣೆ ಹೊರಿಸುವುದಿಲ್ಲ ಎಂಬುದು ಸೂರಃ ಅಲ್ ಬಕರದ ಕೊನೆಯ ವಚನದಿಂದ ನಮಗೆಲ್ಲ ತಿಳಿದದ್ದೇ. ನಿಂತು ನಮಾಝ್ ಮಾಡಲಾಗದವರಿಗೆ ಕುಳಿತು, ಅದೂ ಆಗದವರಿಗೆ ಮಲಗಿ ಮಾಡಲು ಅನುಮತಿಯಿದೆ. ತನ್ನ ಹಕ್ಕಿನಲ್ಲೇ ಅಲ್ಲಾಹನು ಇಷ್ಟು ರಿಯಾಯಿತಿ ಕೊಟ್ಟಿರುವಾಗ, ಒಬ್ಬ ಮಾಲಿಕ ಅಥವಾ ಅತ್ತೆ ಮನೆಯವರು ಶಕ್ತಿ ಮೀರಿದ ಭಾರ ಹೊರಿಸಲು ಯಾವ ಅಧಿಕಾರವಿದೆ?

ಕೈಕೆಳಗಿನವರಿಗೆ ತಾಳಲಾರದ ಕೆಲಸ ಕೊಡಬೇಡಿ, ಕೊಟ್ಟರೆ ನೀವೂ ಕೈಜೋಡಿಸಿ ಎಂದು ಪ್ರವಾದಿ(ಸ)ರು ಹಝ್ರತ್ ಅಬೂ ಝರ್(ರ)ರಿಗೆ ಬೋಧಿಸಿದ್ದರು. ಅನ್ಸಾರಿಯೊಬ್ಬರ ತೋಟದಲ್ಲಿ ಒಂದು ಒಂಟೆ ಪ್ರವಾದಿ(ಸ)ರನ್ನು ಕಂಡು ಕಣ್ಣೀರಿಟ್ಟಿತು. ಅವರು ಅದರ ತಲೆ ನೇವರಿಸಿ, ಒಡೆಯನನ್ನು ಕರೆಸಿ, ಹಸಿವಿನಲ್ಲಿಟ್ಟು ಅತಿಯಾಗಿ ದುಡಿಸುತ್ತಿರುವುದಕ್ಕಾಗಿ ಎಚ್ಚರಿಸಿದರು. ಮೂಕ ಪ್ರಾಣಿಯ ದೂರಿಗೇ ಅಲ್ಲಿ ಬೆಲೆಯಿತ್ತು. ಬಾಯಿರುವ ನಾವೇಕೆ ಮೂಕರಾಗಬೇಕು?

ಖಲೀಫಾ ಉಮರ್(ರ) ರಾತ್ರಿ ಹಸಿದ ಮಕ್ಕಳ ತಾಯಿಯೊಬ್ಬಳನ್ನು ಕಂಡು ಹಿಟ್ಟಿನ ಚೀಲವನ್ನು ತಾವೇ ಬೆನ್ನಿಗೇರಿಸಿದ ಪ್ರಸಂಗವನ್ನು ಮಕ್ಕಳಿಗೆ ಹೇಳುತ್ತೇವೆ. ಸೇವಕನು ತಾನು ಹೊರುತ್ತೇನೆಂದಾಗ, ಕಿಯಾಮತ್‌ನ ದಿನ ನನ್ನ ಭಾರವನ್ನೂ ನೀನೇ ಹೊರುವೆಯಾ ಎಂದು ಅವರು ಕೇಳಿದರಂತೆ. ಮನೆಯಲ್ಲಿ ಸಿಲಿಂಡರ್ ಬಂದಾಗ ಮಂಚದ ಮೇಲೆ ಮೊಬೈಲ್ ನೋಡುತ್ತ ಮಲಗಿರುವ ಗಂಡುಮಕ್ಕಳಿಗೆ ಈ ಪ್ರಸಂಗವನ್ನು ಮತ್ತೊಮ್ಮೆ ಓದಿ ಹೇಳಿ.

ದೇಹ ಅಲ್ಲಾಹನ ಅಮಾನತ್. ತಪ್ಪಿಸಲಾಗದ ಕಷ್ಟವನ್ನು ಎದುರಿಸುವುದು ಸಬರ್. ತಪ್ಪಿಸಬಹುದಾದದ್ದನ್ನು ತಪ್ಪಿಸಿಕೊಳ್ಳುವುದು ಆ ಅಮಾನತ್‌ನ ರಕ್ಷಣೆ.

ಹೊರಡುವ ದಿನ ಬೆಳಿಗ್ಗೆ ಖಾಲಾರ ಸೊಸೆ ಬುತ್ತಿ ಕಟ್ಟುತ್ತಿದ್ದಳು. ಅವಳೂ ಭಟ್ಟಿಗೆ ಹೋಗುತ್ತಾಳೆ. ಎರಡು ಮಕ್ಕಳ ತಾಯಿ. ಖಾಲಾ ಕುರ್ಚಿಯಿಂದಲೇ ಕರೆದು, "ಇವತ್ತಿಂದ ಬುಟ್ಟಿ ಅರ್ಧ ತುಂಬಿಸು. ಯಾರಾದರೂ ಕೇಳಿದರೆ ನಮ್ಮ ಅತ್ತೆ ಹೇಳಿದ್ದಾರೆ ಅನ್ನು. ಜಾಸ್ತಿ ಇದ್ದರೆ ಇನ್ನೊಬ್ಬಳನ್ನು ಕರಿ, ಇಬ್ಬರೂ ಹಿಡೀರಿ" ಎಂದರು.

"ಮಾಲಿಕರು ಬೈದರೆ ಅಮ್ಮೀ?"

"ಬೈಲಿ. ಬೈಗುಳ ಸಂಜೆಗೆ ಹೋಗುತ್ತೆ. ಸೊಂಟ ಹೋದರೆ ಬರಲ್ಲ."

ಹೋದ ವಾರ ಫೋನ್ ಮಾಡಿದಾಗ ಖಾಲಾ ಹೇಳಿದರು: ಸೊಸೆಯ ಜೊತೆ ಇನ್ನೂ ನಾಲ್ವರು ಅರ್ಧ ಬುಟ್ಟಿಗೆ ಬಂದಿದ್ದಾರೆ. ಮಾಲಿಕರು ಮೊದಲು ಗೊಣಗಿದರಂತೆ, ಸಂಜೆಯ ಹೊತ್ತಿಗೆ ಕೆಲಸವೇನೂ ಕಡಿಮೆಯಾಗಿಲ್ಲವೆಂದು ಕಂಡು ಸುಮ್ಮನಾದರಂತೆ. ಖಾಲಾ ಸ್ತ್ರೀರೋಗ ವೈದ್ಯೆಯ ಬಳಿಗೂ ಹೋಗಿ ಬಂದಿದ್ದಾರೆ. ಆಪರೇಷನ್‌ಗೆ ದಿನ ಗೊತ್ತಾಗಿದೆ. ಅವರಿಗಾಗಿ ದುಆ ಮಾಡಿ. ನಿಮ್ಮ ಮನೆಯಲ್ಲಿ ಇಂಥ ನೋವನ್ನು ಬಚ್ಚಿಟ್ಟುಕೊಂಡವರು ಯಾರಾದರೂ ಇದ್ದರೆ, ಇಂದೇ ಪಕ್ಕದಲ್ಲಿ ಕುಳಿತು ಮೆಲ್ಲಗೆ ಕೇಳಿ.